ಅರ್ಧ ಕಣ್ಣು ಯಾರಿಗೆ ಬೇಕು? ಇಂಬಳ, ಗುಳಿಮಂಡಲ, ಡಾರ್ವಿನ್ ಮತ್ತು ನಾವು

ಹೇಮಾವತಿ ದಂಡೆ (ಸಕಲೇಶಪುರ):

ಊರಿನ ವಾಟ್ಸಾಪ್ ಗುಂಪಲ್ಲಿ ಒಂದು ವಿಡಿಯೊ ಓಡಾಡ್ತಿದೆ. ಅದರ ವಾದ ಇಷ್ಟು: ಕಣ್ಣು ಪೂರ್ತಿ ಇದ್ರೆ ಮಾತ್ರ ಕಣ್ಣು. ಲೆನ್ಸ್ ತೆಗೆದ್ರೆ ಕುರುಡು, ರೆಟಿನಾ (ಕಣ್ಣೊಳಗೆ ಹಿಂದೆ ಇರೋ, ಬೆಳಕು ಹಿಡಿಯೋ ಪರದೆ) ತೆಗೆದ್ರೆ ಕುರುಡು, ನರ ಕತ್ತರಿಸಿದ್ರೂ ಕುರುಡು. ಹಾಗಿದ್ಮೇಲೆ ಚೂರು ಚೂರೇ ವಿಕಾಸ ಆಗಿ ಬಂತು ಅನ್ನೋದು ಹೇಗೆ ಸಾಧ್ಯ? ಅರ್ಧ ಕಣ್ಣು ಇಟ್ಕೊಂಡ ಪ್ರಾಣಿ ಅದನ್ನ ಏನ್ ಮಾಡ್ತಿತ್ತು? ಕೊನೆಗೆ, "ಕಣ್ಣು ಹಾಗೆ ಬಂತು ಅನ್ನೋದು ಅಸಂಬದ್ಧ ಅಂತ ಡಾರ್ವಿನ್ನೇ ಒಪ್ಪಿಕೊಂಡಿದ್ದ" ಅಂತ ಮುಗಿಸ್ತಾರೆ.

ನಾನು ಬಿ.ಕಾಂ. ಓದಿದವನು. ಹತ್ತನೇ ಕ್ಲಾಸಿನ ತಂಗಿ ಮಗಳು ಇದನ್ನ ತೋರಿಸಿ "ಮಾವ, ನಿಜಾನಾ?" ಅಂದ್ಲು. ತಿಳಿದವರು ಹೇಳಿ. ದೇವರಿದ್ದಾನೋ ಇಲ್ವೋ ಅನ್ನೋ ಜಗಳ ದಯವಿಟ್ಟು ಇಲ್ಲಿ ಬೇಡ.

ಬೇಲೂರಿನವ:

ವಿಡಿಯೊ ನಾನೂ ನೋಡಿದೆ. ಹೇಳೋ ರೀತಿ ಒರಟು, ಆದರೆ ಪ್ರಶ್ನೆ ಹಗುರದ್ದಲ್ಲ. ನಮ್ಮೂರ ಚೆನ್ನಕೇಶವ ದೇವಸ್ಥಾನದ ಮದನಿಕೆಗಳನ್ನ ನೋಡಿ. ಬಳಪದ ಕಲ್ಲು ಎಷ್ಟೇ ಮೆತ್ತಗಿರಲಿ, ಮಳೆ ಗಾಳಿ ಸಾವಿರಾರು ವರ್ಷ ಹೊಡೆದರೂ ಅದರಲ್ಲಿ ಕನ್ನಡಿ ಹಿಡಿದ ಸುಂದರಿ ಮೂಡಲ್ಲ. ಕೆಲವು ಮೂರ್ತಿಗಳ ಕೆಳಗೆ ದಾಸೋಜ ಅಂತ ಶಿಲ್ಪಿಯ ಸಹಿಯೇ ಇದೆ. ಸಹಿ ಇಲ್ಲದ್ದನ್ನೂ ಯಾರೋ ಕೆತ್ತಿದ್ದು ಅಂತ ಮಗುವೂ ಹೇಳುತ್ತೆ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಗಡಿಯಾರ ಇಟ್ಕೊಂಡು ಇದೇ ವಾದ ಮಾಡಿದ, ಕಣ್ಣನ್ನ ದೂರದರ್ಶಕದ ಪಕ್ಕ ಇಟ್ಟು ತೋರಿಸಿದ. ಅವನ ಧರ್ಮ ಬೇರೆ, ನನ್ನದು ಬೇರೆ. ತರ್ಕಕ್ಕೆ ಧರ್ಮ ಇಲ್ಲವಲ್ಲ. ಕಲ್ಲಿನ ಕಣ್ಣಿಗೇ ಒಬ್ಬ ಕೈಯಿಡಬೇಕು ಅಂದ್ರೆ, ನೋಡೋ ಕಣ್ಣಿಗೆ ಯಾರೂ ಬೇಡವಾ?

ಪಿಯು ಮೇಡಂ (ಹಾಸನ):

ಹೇಮಾವತಿ ದಂಡೆ ಅವರೇ, ಮೊದಲು ಡಾರ್ವಿನ್ ವಿಷಯ ಮುಗಿಸಿಬಿಡೋಣ. 1859ರ ಅವನ 'ಜೀವಜಾತಿಗಳ ಉಗಮ' ಪುಸ್ತಕದ ಆರನೇ ಅಧ್ಯಾಯದಲ್ಲಿ ಆ ಮಾತು ಇರೋದು ನಿಜ. ಕಣ್ಣಿನಂಥ ಅಂಗ ನೈಸರ್ಗಿಕ ಆಯ್ಕೆಯಿಂದ (ಅನುಕೂಲವಾದ ಚಿಕ್ಕ ಬದಲಾವಣೆ ತಲೆಮಾರಿಂದ ತಲೆಮಾರಿಗೆ ಉಳಿದು ಬೆಳೆಯೋದರಿಂದ) ಆಯಿತು ಅನ್ನೋದು ಮೇಲ್ನೋಟಕ್ಕೆ ತೀರಾ ಅಸಂಬದ್ಧವಾಗಿ ಕಾಣುತ್ತೆ ಅಂತಲೇ ಬರೆದಿದ್ದಾನೆ. ವಿಡಿಯೊದವರು ಅಲ್ಲಿಗೆ ಪುಸ್ತಕ ಮುಚ್ಚಿದ್ದಾರೆ. ಮುಂದಿನ ಮಾತಲ್ಲೇ ಅವನು ಷರತ್ತು ಇಡ್ತಾನೆ: ತೀರಾ ಸರಳ ಕಣ್ಣಿಂದ ಪರಿಪೂರ್ಣ ಕಣ್ಣಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ತೋರಿಸಲು ಆದರೆ, ಪ್ರತಿ ಮೆಟ್ಟಿಲೂ ಆಯಾ ಪ್ರಾಣಿಗೆ ಉಪಯೋಗಕ್ಕೆ ಬರ್ತಿದ್ದರೆ, ಆ ಕಷ್ಟ ನಿಜವಾದ ಕಷ್ಟ ಅಲ್ಲ. ಅಧ್ಯಾಯದ ಹೆಸರೇ ಸಿದ್ಧಾಂತಕ್ಕಿರುವ ತೊಡಕುಗಳ ಬಗ್ಗೆ. ಎದುರಾಳಿ ಕೇಳೋ ಮುಂಚೆ ತಾನೇ ಕೇಳಿಕೊಂಡು ಉತ್ತರ ಕೊಡೋದು ಅವನ ಕ್ರಮ.

ಬೇಲೂರಿನವರೇ, ಕಲ್ಲು ಮರಿ ಹಾಕಲ್ಲ. ಒಂದು ಮದನಿಕೆಯಿಂದ ಇನ್ನೊಂದು ಹುಟ್ಟಿ, ಅದು ಅಮ್ಮನಿಗಿಂತ ಒಂದು ಕೂದಲೆಳೆ ಬೇರೆಯಾಗಿದ್ದು, ಚೆನ್ನಾಗಿದ್ದದ್ದು ಹೆಚ್ಚು ಮರಿ ಹಾಕಿ, ಇದು ಕೋಟ್ಯಂತರ ತಲೆಮಾರು ನಡೆದಿದ್ದರೆ ನಿಮ್ಮ ಹೋಲಿಕೆ ನಿಲ್ಲುತ್ತಿತ್ತು. ಸಹಿ ಅಂದಿರಲ್ಲ, ಅದನ್ನ ಇಟ್ಕೊಂಡಿರಿ, ಆಮೇಲೆ ಬೇಕಾಗುತ್ತೆ.

ಈಗ ಅರ್ಧ ಕಣ್ಣು. ಸಕಲೇಶಪುರದವರಿಗೆ ಇದನ್ನ ನಾನು ಹೇಳಿಕೊಡಬೇಕಾ? ಮಳೆಗಾಲದಲ್ಲಿ ನಿಮ್ಮ ಕಾಲಿಗೆ ಹತ್ತೋ ಇಂಬಳಕ್ಕೆ ಎಷ್ಟು ಕಣ್ಣು ಗೊತ್ತಾ? ಹತ್ತು. ಐದು ಜೊತೆ. ಮುಂದಿನ ತುದಿಯ ಬೆನ್ನ ಮೇಲೆ ಕಮಾನಿನ ಹಾಗೆ ಕಪ್ಪು ಚುಕ್ಕೆ ಸಾಲು. ಒಂದೊಂದೂ ಕಪ್ಪು ಬಣ್ಣದ ಚಿಕ್ಕ ಬಟ್ಟಲು, ಒಳಗೆ ಬೆಳಕು ಹಿಡಿಯೋ ಜೀವಕೋಶಗಳು. ಲೆನ್ಸ್ ಇಲ್ಲ. ಚಿತ್ರ ಮೂಡಲ್ಲ. ಬಟ್ಟಲಿನ ಗೋಡೆ ಒಂದು ಕಡೆಯ ಬೆಳಕನ್ನ ತಡೆಯೋದರಿಂದ ಬೆಳಕು ಯಾವ ಕಡೆಯಿಂದ, ನೆರಳು ಯಾವ ಕಡೆಯಿಂದ ಅಂತ ಮಾತ್ರ ಗೊತ್ತಾಗುತ್ತೆ. ಇಂಬಳಕ್ಕೆ ಅಷ್ಟೇ ಸಾಕು.

ತೋಟದ ಮಲ್ಲ (ಮೂಡಿಗೆರೆ):

ಮೇಡಂ, ಹತ್ತು ಕಣ್ಣಾ ಆ ಬಡ್ಡೀಮಗಂದಕ್ಕೆ! ಈಗ ಅರ್ಥ ಆಯ್ತು ನೋಡಿ. ದಾರಿ ಪಕ್ಕ ತರಗೆಲೆ ಮೇಲೆ ಸುಮ್ನೆ ಬಿದ್ದಿರುತ್ತೆ. ನಾವು ಹತ್ರ ಹೋಗಿ ನೆರಳು ಬಿತ್ತೋ ಇಲ್ವೋ, ಬಾಲದ ಮೇಲೆ ಎದ್ದು ನಿಂತು ಆ ಕಡೆ ಈ ಕಡೆ ತಲೆ ಆಡಿಸಿ, ನೆಟ್ಟಗೆ ನಮ್ ಕಡೆಗೇ ಮಡಚಿ ಮಡಚಿ ಬರುತ್ತೆ. ಅದಕ್ಕೆ ನಾನು ಯಾರು, ನನ್ನ ಮುಖ ಹೇಗಿದೆ ಅಂತ ಕಾಣಬೇಕಾಗಿಲ್ಲ ಮಾರಾಯ್ರೇ. ನೆರಳು ಯಾವ ಕಡೆಗಿದೆ ಅಂತ ಗೊತ್ತಾದ್ರೆ ಅದರ ಊಟ ಆಯ್ತು. ಉಸಿರು, ಬಿಸಿ, ನೆಲ ಅದುರೋದು ಇವೂ ಅದಕ್ಕೆ ತಿಳಿಯುತ್ತಂತೆ ಬಿಡಿ. ಸುಣ್ಣ, ಹೊಗೆಸೊಪ್ಪು ಹಚ್ಕೊಂಡು ಹೋದ್ರೂ ಒಂದೆರಡು ಹತ್ತದೆ ಬಿಡಲ್ಲ.

ಬೇಲೂರಿನವ:

ಇಂಬಳದ ಮಾತು ಚೆನ್ನಾಗಿದೆ, ನಕ್ಕೆ. ಆದರೆ ಅದು ಇಂಬಳದ ಪೂರ್ತಿ ಕಣ್ಣು, ನಮ್ಮ ಕಣ್ಣಿನ ಅರ್ಧ ಅಲ್ಲ. ಬಟ್ಟಲಿಂದ ಲೆನ್ಸಿನವರೆಗೆ ನಡುವಿನ ದಾರಿ ತೋರಿಸಿ. ಹತ್ತಿರದ ಬಳಗದಲ್ಲೇ ಇರಬೇಕು. ಇಂಬಳ ಇಲ್ಲಿಂದ, ಹದ್ದು ಅಲ್ಲಿಂದ ಅಂತ ಜೋಡಿಸಿದರೆ ಆಗಲ್ಲ.

ಪಿಯು ಮೇಡಂ (ಹಾಸನ):

ನ್ಯಾಯವಾದ ಷರತ್ತು. ಮೃದ್ವಂಗಿಗಳನ್ನೇ ತಗೊಳ್ಳಿ, ಅಂದರೆ ಬಸವನಹುಳು, ಚಿಪ್ಪು, ಆಕ್ಟೋಪಸ್ ಇರೋ ಬಳಗ. ಕಡಲ ಬಂಡೆಗೆ ಅಂಟಿಕೊಳ್ಳೋ ಲಿಂಪೆಟ್ಟಿಗೆ ಬಾಯಿ ಅಗಲ ತೆರೆದ ಬಟ್ಟಲು ಕಣ್ಣು. ನಾಟಿಲಸ್ ಅನ್ನೋ ಸಮುದ್ರಜೀವಿಗೆ ಬಟ್ಟಲು ಆಳ, ಬಾಯಿ ಸೂಜಿತೂತಿನಷ್ಟು ಕಿರಿದು. ಲೆನ್ಸ್ ಇಲ್ಲದೆಯೇ ಮಬ್ಬು ಚಿತ್ರ ಮೂಡುತ್ತೆ, ಕಣ್ಣೊಳಗೆ ಸಮುದ್ರದ ನೀರೇ ಇರುತ್ತೆ. ನಮ್ಮ ತೋಟದ ಬಸವನಹುಳುವಿನ ಕೊಂಬಿನ ತುದಿಯಲ್ಲಿರೋ ಕಪ್ಪು ಚುಕ್ಕೆಯಲ್ಲಿ ಬಾಯಿ ಮುಚ್ಚಿಕೊಂಡು ಪುಟ್ಟ ಲೆನ್ಸ್ ಬಂದಿದೆ. ಆಕ್ಟೋಪಸ್ಸಿಗೆ ನಮ್ಮದಕ್ಕೆ ಸರಿಸಾಟಿಯಾದ ಕಣ್ಣು. ಇಷ್ಟೂ ಒಂದೇ ಬಳಗದಲ್ಲಿ, ಇವತ್ತು ಬದುಕಿರೋ ಪ್ರಾಣಿಗಳಲ್ಲಿ.

ಇವೇ ಒಂದರಿಂದ ಒಂದು ಹುಟ್ಟಿದವು ಅಂತ ಹೇಳ್ತಿಲ್ಲ. ಲಿಂಪೆಟ್ ಆಕ್ಟೋಪಸ್ಸಿನ ಅಜ್ಜಿ ಅಲ್ಲ. ನಡುವಿನ ಕಣ್ಣು ನಿರುಪಯೋಗಿ ಅನ್ನೋದು ವಿಡಿಯೊದ ವಾದ. ಆ ನಡುವಿನ ಕಣ್ಣುಗಳನ್ನೇ ಇಟ್ಕೊಂಡು ಇವೆಲ್ಲ ಹೊಟ್ಟೆ ಹೊರೀತಿವೆ, ಅಷ್ಟು ಸಾಕು ಆ ವಾದ ಬೀಳೋಕೆ. ನಮ್ಮ ಕಣ್ಣನ್ನ ಗುರಿ ಅಂತ ಮೊದಲೇ ಇಟ್ಕೊಂಡವರಿಗೆ ಮಾತ್ರ ಬೇರೆಯವರದ್ದು ಅರ್ಧ ಅಂತ ಕಾಣೋದು.

ಲೆಕ್ಕದ ಮೇಷ್ಟ್ರು (ಅರಸೀಕೆರೆ):

ಸಮಯ ಸಾಕಾ ಅನ್ನೋ ಪ್ರಶ್ನೆ ಹೇಗೂ ಬರುತ್ತೆ, ನಾನೇ ಎತ್ತಿಬಿಡ್ತೀನಿ. 1994ರಲ್ಲಿ ಸ್ವೀಡನ್ನಿನ ನಿಲ್ಸನ್ ಮತ್ತು ಪೆಲ್ಗರ್ ಇದನ್ನ ಲೆಕ್ಕ ಹಾಕಿದ್ರು. ಚಪ್ಪಟೆಯಾದ ಬೆಳಕು ಹಿಡಿಯೋ ಚರ್ಮದ ತುಣುಕಿಂದ ಶುರು, ಮೀನಿನ ಕಣ್ಣಿಗೆ ಮುಕ್ತಾಯ. ಪ್ರತಿ ಹೆಜ್ಜೆಯಲ್ಲಿ ಯಾವುದೋ ಒಂದು ಅಳತೆ ಶೇ. 1 ಮಾತ್ರ ಬದಲಾಗಬೇಕು, ಪ್ರತಿ ಹೆಜ್ಜೆಯಲ್ಲೂ ನೋಟ ಹಿಂದಿಗಿಂತ ಚುರುಕಾಗಬೇಕು. ಬಂದ ಹೆಜ್ಜೆಗಳು 1829.

ಕ್ಯಾಲ್ಕುಲೇಟರ್ ಇದ್ದವರು ಒತ್ತಿ ನೋಡಿ. 1.01 ಅನ್ನು 1829 ಸಲ ಗುಣಿಸಿದ್ರೆ ಸುಮಾರು 8 ಕೋಟಿ ಬರುತ್ತೆ. ಅಂದ್ರೆ ಒಟ್ಟು ಬದಲಾವಣೆ ಎಂಟು ಕೋಟಿ ಪಟ್ಟು. ಒಂದು ತಲೆಮಾರಿಗೆ ಎಷ್ಟು ಬದಲಾಗಬಹುದು? ಬೇಕಂತಲೇ ಜಿಪುಣತನ ಮಾಡಿ ಶೇ. 0.005 ಇಟ್ಟರು. ಈಗ 1.00005 ಅನ್ನು ಎಷ್ಟು ಸಲ ಗುಣಿಸಿದ್ರೆ ಆ ಎಂಟು ಕೋಟಿ ಮುಟ್ಟುತ್ತೆ? 3,64,000ಕ್ಕೆ ಸ್ವಲ್ಪ ಕಮ್ಮಿ. ವರ್ಷಕ್ಕೊಂದು ತಲೆಮಾರು ಹಾಕೋ ಪುಟ್ಟ ಜಲಚರಕ್ಕೆ ನಾಲ್ಕು ಲಕ್ಷ ವರ್ಷವೂ ಬೇಡ. ಪ್ರಾಣಿಗಳ ಬಹುಪಾಲು ಬಳಗಗಳು ಕಾಣಿಸಿಕೊಂಡ ಕೇಂಬ್ರಿಯನ್ ಯುಗ ಶುರುವಾಗಿ 54 ಕೋಟಿ ವರ್ಷ ಆಗಿದೆ. ಅಷ್ಟರಲ್ಲಿ ಈ ಆಟ ಸಾವಿರ ಸಲ ಆಡಬಹುದು.

ಒಂದು ಎಚ್ಚರಿಕೆ. ಇದನ್ನ ತುಂಬಾ ಜನ "ಕಂಪ್ಯೂಟರಲ್ಲಿ ಕಣ್ಣು ಬೆಳೆಸಿ ತೋರಿಸಿದ್ರು" ಅಂತ ಬರೀತಾರೆ. ಅದು ತಪ್ಪು. ಅದು ಕಾಗದದ ಮೇಲಿನ ಲೆಕ್ಕ, ಕಂಪ್ಯೂಟರ್ ಸಿಮ್ಯುಲೇಷನ್ ಅಲ್ಲ. ಎದುರು ಪಕ್ಷದವರು ಈ ತಪ್ಪನ್ನ ಹಿಡಿದು ಸರಿಯಾಗೇ ಬಾರಿಸಿದ್ದಾರೆ. ನಮ್ಮ ಕಡೆಯ ವಾದ ಅಂತ ಉಬ್ಬಿಸಬೇಡಿ. ಇನ್ನೊಂದು, ಬೆಳಕು ಹಿಡಿಯೋ ಜೀವಕೋಶ ಎಲ್ಲಿಂದ ಬಂತು ಅಂತ ಆ ಲೆಕ್ಕ ಹೇಳಲ್ಲ, ಅದು ಮೊದಲೇ ಇದೆ ಅಂತಲೇ ಶುರು.

ಬೇಲೂರಿನವ:

ಮೇಷ್ಟ್ರೇ, ಕೊನೆ ಸಾಲಿಗೆ ಧನ್ಯವಾದ. ಅಸಲು ಬೀಗ ಇರೋದೇ ಅಲ್ಲಿ. ನರಕ್ಕೆ ಬೆಳಕಿನ ಅರಿವು ಹೇಗೆ ಬಂತು ಅನ್ನೋದು ತನಗೆ ಸಂಬಂಧಪಟ್ಟ ಪ್ರಶ್ನೆ ಅಲ್ಲ ಅಂತ ಡಾರ್ವಿನ್ ಅದೇ ಪುಟಗಳಲ್ಲಿ ಜಾರಿಕೊಂಡಿದ್ದಾನೆ. 1860ರಲ್ಲಿ ಸ್ನೇಹಿತ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಕಣ್ಣನ್ನ ನೆನೆದರೆ ಈಗಲೂ ಮೈ ಜುಂ ಅನ್ನುತ್ತೆ ಅಂತಾನೆ.

ಪಿಯು ಮೇಡಂ (ಹಾಸನ):

ಅದೇ ಪತ್ರದ ಅದೇ ವಾಕ್ಯದಲ್ಲಿ, ಗೊತ್ತಿರುವ ಮೆಟ್ಟಿಲುಗಳನ್ನ ನೆನೆದಾಗ ಆ ನಡುಕವನ್ನ ಗೆಲ್ಲಬೇಕು ಅಂತ ಬುದ್ಧಿ ಹೇಳುತ್ತೆ ಅಂತಲೂ ಇದೆ ಸರ್. ವಿಡಿಯೊದವರ ಕತ್ತರಿ ನಿಮ್ಮ ಕೈಗೂ ಬಂತಾ?

ಪೊರೆ ಕನ್ನಡಕ (ಚಿಕ್ಕಮಗಳೂರು):

ನಾನು ಕಣ್ಣಿನ ಆಸ್ಪತ್ರೆಯಲ್ಲಿ ವಕ್ರೀಭವನ ಪರೀಕ್ಷೆ (ಕನ್ನಡಕದ ನಂಬರ್ ನೋಡೋದು) ಮಾಡಿಕೊಂಡೇ ನಿವೃತ್ತಿ ಆದವನು. "ಲೆನ್ಸ್ ತೆಗೆದ್ರೆ ಕುರುಡು" ಅಂದ್ರಲ್ಲ ವಿಡಿಯೊದಲ್ಲಿ, ಅವರು ಹಳೇ ಕಾಲದ ಪೊರೆ ಆಪರೇಷನ್ ನೋಡಿಲ್ಲ ಅಂತ ಕಾಣುತ್ತೆ. ಈಗಿನ ಹಾಗೆ ಒಳಗೆ ಕೃತಕ ಲೆನ್ಸ್ ಇಡೋ ಪದ್ಧತಿ ಬರೋ ಮುಂಚೆ, ಪೊರೆ ಕಟ್ಟಿದ ಲೆನ್ಸನ್ನ ಪೂರ್ತಿ ತೆಗೆದು ಹಾಗೇ ಕಳಿಸ್ತಿದ್ರು. ಸೋಡಾಬುಡ್ಡಿ ಕನ್ನಡಕ ಹಾಕ್ಕೊಂಡ ಅಜ್ಜಂದಿರು ನೆನಪಿದ್ದಾರಾ? ಅವರ ಕಣ್ಣಲ್ಲಿ ಲೆನ್ಸೇ ಇರ್ತಿರಲಿಲ್ಲ. ಕನ್ನಡಕ ತೆಗೆದ್ರೂ ಬಾಗಿಲು ಎಲ್ಲಿ, ಬಾವಿಕಟ್ಟೆ ಎಲ್ಲಿ, ಎದುರಿಗೆ ದನ ನಿಂತಿದೆಯೋ ಮನುಷ್ಯನೋ ಅಂತ ಗೊತ್ತಾಗ್ತಿತ್ತು.

ಕಾರಣ ಏನಂದ್ರೆ, ಬೆಳಕು ಬಗ್ಗಿಸೋ ಶಕ್ತಿಯನ್ನ ಡಯಾಪ್ಟರಲ್ಲಿ ಅಳೀತಾರೆ; ನಮ್ಮ ಕಣ್ಣಿನ ಒಟ್ಟು ಸುಮಾರು 60 ಡಯಾಪ್ಟರಲ್ಲಿ 43ರಷ್ಟು ಕಣ್ಣಿನ ಮುಂದಿನ ಗಾಜಿನಂಥ ಪದರ ಕಾರ್ನಿಯಾದ್ದೇ. ಒಳಗಿನ ಲೆನ್ಸ್ ಉಳಿದದ್ದನ್ನ ಸರಿಮಾಡುತ್ತೆ. ನೀರಲ್ಲಿ ಇದು ತಿರುಗುಮುರುಗು. ನೀರೊಳಗೆ ಕಾರ್ನಿಯಾ ಹೆಚ್ಚುಕಮ್ಮಿ ಕೆಲಸಕ್ಕೆ ಬಾರದು, ಎಲ್ಲ ಭಾರ ಲೆನ್ಸಿನ ಮೇಲೆ. ಮೀನು ಸಾರಿನಲ್ಲಿ ಬೆಂದ ಕಣ್ಣೊಳಗೆ ಬಿಳೀ ಗುಂಡು ಸಿಗುತ್ತಲ್ಲ, ಅದೇ ಲೆನ್ಸ್. ಪೂರ್ತಿ ದುಂಡಗೆ, ಗೋಲಿ ಹಾಗೆ. ನಮ್ಮದು ಚಪ್ಪಟೆ. ನೀರು ಬಿಟ್ಟು ನೆಲಕ್ಕೆ ಬಂದ ಬಳಗದಲ್ಲಿ ಕೆಲಸ ಹಂಚಿಕೆ ಬದಲಾಗಿದೆ.

ಈಗ ಮೇಡಂ "ಸಹಿ ಇಟ್ಕೊಂಡಿರಿ" ಅಂದಿದ್ರಲ್ಲ, ಅದು ಏನು ಅಂತ ಊಹಿಸಿದ್ದೀನಿ. ಎಲ್ಲರೂ ಮನೇಲೇ ಮಾಡಿ ನೋಡಿ. ಬಿಳಿ ಹಾಳೆ ಮೇಲೆ ಎರಡು ಹುರಿದ ಕಾಫಿ ಬೀಜ ಇಡಿ, ನಡುವೆ 8 ಸೆಂ.ಮೀ. ಎಡಗಣ್ಣು ಮುಚ್ಚಿ. ಬಲಗಣ್ಣಿಂದ ಎಡಗಡೆ ಬೀಜವನ್ನೇ ದಿಟ್ಟಿಸ್ತಾ ಮುಖ ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರದಲ್ಲಿ ಬಲಗಡೆ ಬೀಜ ಮಾಯ. ಇನ್ನೂ ಹತ್ತಿರ ಬಂದ್ರೆ ಮತ್ತೆ ಬರುತ್ತೆ. ನಮ್ಮ ರೆಟಿನಾದ ನರಗಳು ಬೆಳಕು ಹಿಡಿಯೋ ಪದರದ ಮುಂದೆ ಹರಡಿವೆ. ಅವೆಲ್ಲ ಒಟ್ಟಾಗಿ ಹಿಂದೆ ಹೋಗಬೇಕಾದ್ರೆ ರೆಟಿನಾವನ್ನೇ ತೂರಿ ಹೋಗಬೇಕು. ಆ ತೂತೇ ಕುರುಡುಚುಕ್ಕೆ.

ಹೇಮಾವತಿ ದಂಡೆ (ಸಕಲೇಶಪುರ):

ಅಬ್ಬಾ, ಬೀಜ ನಿಜವಾಗ್ಲೂ ಮಾಯ ಆಯ್ತು! ಮನೆಯವರೆಲ್ಲ ಸಾಲಾಗಿ ಕೂತು ಒಂದು ಕಣ್ಣು ಮುಚ್ಕೊಂಡಿದ್ದಾರೆ ಈಗ.

ಪಿಯು ಮೇಡಂ (ಹಾಸನ):

ಹೌದು, ಅದೇ ಸಹಿ. ಮೀನು, ಕಪ್ಪೆ, ಹಲ್ಲಿ, ಕಾಗೆ, ಆಕಳು, ನಾವು, ಬೆನ್ನೆಲುಬಿರೋ ನಮಗೆಲ್ಲ ರೆಟಿನಾ ಹಿಂದುಮುಂದು, ನಮಗೆಲ್ಲ ಕುರುಡುಚುಕ್ಕೆ. ಅಷ್ಟೇ ಚುರುಕಾದ ಆಕ್ಟೋಪಸ್ ಕಣ್ಣಲ್ಲಿ ನರಗಳು ಹಿಂದುಗಡೆಯಿಂದಲೇ ಹೊರಡುತ್ತವೆ, ಕುರುಡುಚುಕ್ಕೆ ಇಲ್ಲ. ಉಪಯೋಗ ನೋಡಿ ಹಂಚಿದ್ದರೆ, ನೀರಲ್ಲಿರೋ ಮೀನಿಗೂ ಆಕ್ಟೋಪಸ್ಸಿಗೂ ಒಂದು ನಮೂನೆ, ಹಾರೋ ಹದ್ದಿಗೆ ಬೇರೆ ನಮೂನೆ ಸಿಗಬೇಕಿತ್ತು. ಇಲ್ಲಿ ಹಂಚಿಕೆ ನಡೆದಿರೋದು ವಂಶಾವಳಿ ನೋಡಿ. ದಾಸೋಜನ ಸಹಿ ಇರೋ ಮೂರ್ತಿಗಳನ್ನ ಒಂದೇ ಕೈಯವು ಅಂತ ಹೇಗೆ ಗುರುತಿಸ್ತೀರೋ, ಇವನ್ನ ಒಂದೇ ಮನೆತನದವು ಅಂತ ಹಾಗೇ ಗುರುತಿಸೋದು.

ಬೇಲೂರಿನವ:

ಮೇಡಂ, ನನ್ನ ಹೋಲಿಕೆಯನ್ನ ನನಗೇ ತಿರುಗಿಸಿದಿರಿ, ಭೇಷ್. ಆದರೆ ಹಿಂದುಮುಂದು ರೆಟಿನಾ ಕೆಟ್ಟ ವಿನ್ಯಾಸ ಅನ್ನೋದನ್ನ ಒಪ್ಪಲ್ಲ. 2007ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದ ಹಾಗೆ, ರೆಟಿನಾದ ಮ್ಯುಲರ್ ಜೀವಕೋಶಗಳು ಬೆಳಕನ್ನ ಮುಂದಿನ ಪದರಗಳಿಂದ ಹಿಂದಕ್ಕೆ ನೇರವಾಗಿ ಸಾಗಿಸುತ್ತವೆ, ಫೈಬರ್ ಕೇಬಲ್ ರೀತಿ. ಜೊತೆಗೆ ಬೆಳಕು ಹಿಡಿಯೋ ಕೋಶಗಳು ಹಿಂದಿನ ರಕ್ತನಾಳಗಳ ಪದರಕ್ಕೆ ಹತ್ತಿರ ಇರೋದರಿಂದ ಅವಕ್ಕೆ ಪೋಷಣೆ ಸಲೀಸು. ನಮಗೆ ತಪ್ಪು ಅಂತ ಕಂಡದ್ದು ಜಾಣತನ ಇರಬಾರದೇಕೆ?

ಇನ್ನೊಂದು. ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ 1996ರಲ್ಲಿ ಎತ್ತಿದ ಪ್ರಶ್ನೆ ಕಣ್ಣಿನ ಆಕಾರದ್ದಲ್ಲ, ರಸಾಯನದ್ದು. ಬೆಳಕು ಬಿದ್ದಾಗ ರೆಟಿನಾಲ್ ಅಣುವಿನ ಬಾಗು ನೆಟ್ಟಗಾಗಬೇಕು, ಅದನ್ನ ಹಿಡಿದ ಆಪ್ಸಿನ್ ಪ್ರೋಟೀನು ಆಕಾರ ಬದಲಿಸಬೇಕು, ಅದು ಟ್ರಾನ್ಸ್‌ಡ್ಯುಸಿನ್ ಅನ್ನೋ ಜಿ-ಪ್ರೋಟೀನನ್ನ (ಕೋಶದೊಳಗೆ ಸುದ್ದಿ ಸಾಗಿಸೋ ಪ್ರೋಟೀನು) ಎಬ್ಬಿಸಬೇಕು, ಅದು ಇನ್ನೊಂದು ಕಿಣ್ವವನ್ನ, ಆಮೇಲೆ ಕೋಶದ ಬಾಗಿಲು ಮುಚ್ಚಬೇಕು. ಒಂದು ಕೊಂಡಿ ಕಳಚಿದ್ರೂ ನೋಟ ಇಲ್ಲ. ಇಂಬಳಕ್ಕೂ ಇಂಥದ್ದೊಂದು ಸರಪಳಿ ಬೇಕು. ಇದರ ಅರ್ಧ ತೋರಿಸಿ.

ಪಿಯು ಮೇಡಂ (ಹಾಸನ):

ಮ್ಯುಲರ್ ಕೋಶದ ಮಾತು ಸರಿ, ರಕ್ತನಾಳದ ಮಾತೂ ಸರಿ. ನಾನು ಕೆಟ್ಟದ್ದು ಅಂತ ಹೇಳೇ ಇಲ್ಲ, ಮೇಲೆ ನೋಡಿ. ಹಂಚಿಕೆ ಹೇಗಿದೆ ಅಂತ ಹೇಳಿದೆ. ಒಳ್ಳೆಯದಿರಲಿ ಕೆಟ್ಟದಿರಲಿ, ಅದು ಬೆನ್ನೆಲುಬಿನವರ ಮನೆಯಲ್ಲೇ ಯಾಕೆ ಉಳಿದಿದೆ ಅನ್ನೋದಕ್ಕೆ ಉತ್ತರ ಬೇಕು.

ಸರಪಳಿಗೆ ಬರೋಣ. ಒಂದು ಲೋಟ ಕಾಫಿ ಮೂಗಿನ ಹತ್ರ ಹಿಡೀರಿ. ಮೂಗಿನ ಒಳಗೋಡೆಯಲ್ಲಿ ವಾಸನೆ ಹಿಡಿಯೋ ಗ್ರಾಹಕ ಪ್ರೋಟೀನುಗಳಿವೆ, ಮನುಷ್ಯನಿಗೆ ಸುಮಾರು 400 ಬಗೆ. ವಾಸನೆಯ ಅಣು ಬಂದು ಕೂತಾಗ ಗ್ರಾಹಕ ಆಕಾರ ಬದಲಿಸುತ್ತೆ, ಜಿ-ಪ್ರೋಟೀನನ್ನ ಎಬ್ಬಿಸುತ್ತೆ, ಅದು ಕಿಣ್ವವನ್ನ, ಕಿಣ್ವ ಕೋಶದ ಬಾಗಿಲನ್ನ. ಓದ್ತಾ ಓದ್ತಾ ನೀವು ಬರೆದದ್ದೇ ಮತ್ತೆ ಬಂತು ಅನ್ನಿಸ್ತಾ? ಆಪ್ಸಿನ್ ಮತ್ತು ವಾಸನೆಯ ಗ್ರಾಹಕ ಒಂದೇ ದೊಡ್ಡ ಕುಟುಂಬದವು. ಆ ಕುಟುಂಬದ ಪ್ರೋಟೀನು ಕಣ್ಣೇ ಇಲ್ಲದ ಯೀಸ್ಟಿನಲ್ಲೂ ಇದೆ, ಜೊತೆಗಾರ ಯೀಸ್ಟ್ ಬಿಡೋ ರಾಸಾಯನಿಕವನ್ನ ಗುರುತಿಸೋಕೆ. ಅಂದರೆ ಸರಪಳಿಯನ್ನ ಕಣ್ಣಿಗೋಸ್ಕರ ಹೊಸದಾಗಿ ಮಾಡಲಿಲ್ಲ. ಬೇರೆ ಕೆಲಸ ಮಾಡ್ತಾ ಇದ್ದದ್ದರ ತಲೆಯಲ್ಲಿ ಬೆಳಕಿಗೆ ಮಿಡಿಯೋ ಒಂದು ಅಣು ಬಂದು ಕೂತಿತು. ಲೆನ್ಸಿನದ್ದೂ ಇದೇ ಕಥೆ. ನಮ್ಮ ಲೆನ್ಸನ್ನ ತುಂಬಿರೋ ಪ್ರೋಟೀನುಗಳಲ್ಲಿ ಒಂದು ಹೃದಯದ ಸ್ನಾಯುವಿನಲ್ಲೂ ಕೆಲಸ ಮಾಡುತ್ತೆ.

ಇದೇ ಕಥೆಯ ಹೊಸ ಆವೃತ್ತಿ ನಿಮ್ಮ ಕಾಫಿ ಗಿಡದಲ್ಲೇ ಸುತ್ತಿಕೊಂಡು ಮಲಗಿರುತ್ತೆ. ಮಲ್ಲ ಅವರು ನೋಡಿರ್ತಾರೆ, ಗುಳಿಮಂಡಲ ಹಾವು. ಹಸಿರು, ಕಂದು, ಹಳದಿ, ನಾನಾ ಬಣ್ಣ. ಕಣ್ಣು ಮತ್ತು ಮೂಗಿನ ಹೊಳ್ಳೆ ನಡುವೆ ಒಂದು ಗುಳಿ ಇದೆಯಲ್ಲ, ಅದು ಬಿಸಿ ನೋಡೋ ಅಂಗ. ಬಟ್ಟಲಿನ ಆಕಾರ, ಬಾಯಿ ಕಿರಿದು, ಲೆನ್ಸ್ ಇಲ್ಲ, ಒಳಗೆ ತೆಳು ಪೊರೆ. ಕತ್ತಲಲ್ಲಿ ಇಲಿ ಯಾವ ಕಡೆ ಇದೆ ಅಂತ ಅದರ ಮೈಬಿಸಿಯಿಂದಲೇ ತಿಳಿಯುತ್ತೆ. 2010ರಲ್ಲಿ ಡೇವಿಡ್ ಜೂಲಿಯಸ್ ತಂಡ (ಇವರಿಗೆ 2021ರಲ್ಲಿ ನೊಬೆಲ್ ಬಂತು) ಇದೇ ಬಳಗದ ರ‍್ಯಾಟಲ್ ಹಾವಿನ ಗುಳಿಯಲ್ಲಿ ಬಿಸಿ ಹಿಡಿಯೋ ಪ್ರೋಟೀನು ಯಾವುದು ಅಂತ ಪತ್ತೆ ಮಾಡಿತು. ಹೆಸರು ಟಿಆರ್‌ಪಿಎ1. ನಮ್ಮ ದೇಹದಲ್ಲೂ ಇದೆ. ನಮಗೆ ಅದು ತಿಳಿಸೋದು ಸಾಸಿವೆಯ ಘಾಟು! ಹೆಬ್ಬಾವಿನ ಬಳಗಕ್ಕೂ ತುಟಿಯ ಮೇಲೆ ಇಂಥ ಗುಳಿಗಳಿವೆ, ಅವು ಬೇರೆಯಾಗಿ ಬಂದವು, ಅಲ್ಲೂ ಅದೇ ಪ್ರೋಟೀನು. ಲಿಂಪೆಟ್ಟಿನ ಬೆಳಕಿನ ಬಟ್ಟಲಿಗೂ ಹಾವಿನ ಬಿಸಿಯ ಬಟ್ಟಲಿಗೂ ಸಂಬಂಧ ಇಲ್ಲ, ಆದರೂ ಆಕಾರ ಒಂದೇ ಕಡೆಗೆ ಬಂದಿದೆ. ಎಲ್ಲಿಂದ ಬರುತ್ತಿದೆ ಅಂತ ತಿಳಿಯೋಕೆ ಬಟ್ಟಲು ಒಂದು ಸರಳ ದಾರಿ.

ತೋಟದ ಮಲ್ಲ (ಮೂಡಿಗೆರೆ):

ಗುಳಿಮಂಡಲ ನೋಡೋದೇನು ಬಂತು ಮೇಡಂ, ಮುಂಗೈ ಹತ್ರ ಬಂದಾಗ ಗೊತ್ತಾಗುತ್ತೆ. ನಂದೂ ಒಂದು ಪ್ರಶ್ನೆ, ಉಲ್ಟಾ ಕಡೆಯಿಂದ. ಗುಂಡಿ ತೋಡುವಾಗ ಎರೆಹುಳು ತರ ಉದ್ದಕ್ಕೆ, ಆದ್ರೆ ದಪ್ಪಗೆ, ಲೋಳೆ ಲೋಳೆಯಾಗಿ ಒಂದು ಸಿಗುತ್ತೆ. ಹಾವು ಅಂತ ಆಳುಗಳು ಹೊಡೆದು ಹಾಕ್ತಾರೆ. ಹಾವಲ್ಲ, ಕಪ್ಪೆ ಸಂಬಂಧಿ, ಸಿಸಿಲಿಯನ್ ಅಂತ ಅರಣ್ಯ ಕಾಲೇಜಿನ ಹುಡುಗ ಒಬ್ಬ ಹೇಳಿದ. ಅದರ ಕಣ್ಣು ಚರ್ಮದ ಒಳಗಿದೆ. ಮಣ್ಣಲ್ಲೇ ಇರೋದಕ್ಕೆ ಕಣ್ಣು ಯಾಕೆ ಕೊಟ್ಟ, ಕೊಟ್ಟ ಮೇಲೆ ಚರ್ಮ ಯಾಕೆ ಹೊದಿಸಿದ ಅಂತ ಬೇಲೂರಿನವರು ಹೇಳಬೇಕು.

ಬೇಲೂರಿನವ:

ಅವನ ಮನಸ್ಸಲ್ಲಿ ಏನಿತ್ತು ಅಂತ ನಾನು ಹೇಗೆ ಹೇಳ್ಲಿ ಅಣ್ಣಾ?

ಲೆಕ್ಕದ ಮೇಷ್ಟ್ರು (ಅರಸೀಕೆರೆ):

ನನ್ನ ಆಕ್ಷೇಪ ಇರೋದೇ ಅಲ್ಲಿ. ಹದ್ದಿನ ಕಣ್ಣು ಚುರುಕಾಗಿದ್ರೆ "ನೋಡಿ ಅವನ ಜಾಣ್ಮೆ", ಚರ್ಮದೊಳಗೆ ಹೂತಿದ್ರೆ "ಅವನ ಮನಸ್ಸು ಯಾರಿಗೆ ಗೊತ್ತು". ಯಾವ ಕಣ್ಣು ಸಿಕ್ಕಿದ್ರೂ ಸೋಲದ ವಾದ ಯಾವ ಕಣ್ಣನ್ನೂ ವಿವರಿಸಲ್ಲ. ವಿಕಾಸವಾದಕ್ಕೆ ಸೋಲೋ ದಾರಿ ಇದೆ. ನಾಳೆ ಆಕ್ಟೋಪಸ್ ಮಾದರಿ ರೆಟಿನಾ ಇರೋ ಒಂದು ಹಸು ಸಿಗಲಿ, ಮೇಡಂ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತೆ.

ಪಾಂಚಜನ್ಯ (ಕಡೂರು):

ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ. ನೀರಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ. ಡಾರ್ವಿನ್ ಹೇಳೋಕೆ ಮುಂಚೆ ನಮ್ಮವರಿಗೆ ಎಲ್ಲ ಗೊತ್ತಿತ್ತು. ವಿದೇಶಿ ಪುಸ್ತಕ ಇಟ್ಕೊಂಡು ಒದ್ದಾಡ್ತೀರಲ್ಲ.

ಲೆಕ್ಕದ ಮೇಷ್ಟ್ರು (ಅರಸೀಕೆರೆ):

ಸ್ವಾಮಿ, ದಶಾವತಾರದಲ್ಲಿ ಮೀನು ಆಮೆಗೆ ಜನ್ಮ ಕೊಡಲ್ಲ. ಪ್ರತಿ ಸಲ ಇಳಿದು ಬರೋದು ವಿಷ್ಣುವೇ. ಭಕ್ತಿಯಿಂದ ಓದಿ, ಜೀವಶಾಸ್ತ್ರದ ಪರೀಕ್ಷೇಲಿ ಬರೀಬೇಡಿ.

ಬೆಳಗೊಳದವ (ಚನ್ನರಾಯಪಟ್ಟಣ):

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಧರ್ಮ ಒಂದು ಕಡೆ, ವಿಜ್ಞಾನ ಒಂದು ಕಡೆ ಅಂತ ಎಲ್ಲರೂ ಹಿಡ್ಕೊಂಡಿದ್ದೀರಿ. ನಾವು ಜೈನರು. ನಮ್ಮಲ್ಲಿ ಸೃಷ್ಟಿಕರ್ತನೇ ಇಲ್ಲ. ಜಗತ್ತು ಅನಾದಿ. ಒಬ್ಬ ಕುಳಿತು ಲೋಕವನ್ನ ಮಾಡಿದ ಅನ್ನೋ ವಾದವನ್ನ 9ನೇ ಶತಮಾನದಲ್ಲೇ ಜಿನಸೇನಾಚಾರ್ಯರು ಖಂಡಿಸಿದ್ದಾರೆ. ಹಾಗಂತ ಅವರು ವಿಕಾಸವಾದಿ ಅಂತ ಹೇಳೋಕೆ ಬರಲಿಲ್ಲ, ಕಡೂರಿನವರ ಹಾಗೆ ಎಳೆದು ತರಲ್ಲ. ನಮ್ಮ ಶಾಸ್ತ್ರದಲ್ಲಿ ಜೀವಿಗಳನ್ನ ಇಂದ್ರಿಯದ ಲೆಕ್ಕದಲ್ಲಿ ವಿಂಗಡಿಸಿದ್ದಾರೆ. ಗಿಡಮರಕ್ಕೆ ಸ್ಪರ್ಶ ಒಂದೇ, ಹುಳುವಿಗೆ ಎರಡು, ಇರುವೆಗೆ ಮೂರು, ನೊಣ ದುಂಬಿಗೆ ನಾಲ್ಕು. ಕಣ್ಣು ಸಿಗೋದು ಆ ನಾಲ್ಕನೇ ಮೆಟ್ಟಿಲಲ್ಲಿ. ಇರುವೆಗೂ ಕಣ್ಣಿದೆ ಅಂತ ಮೇಡಂ ಹೇಳ್ತಾರೇನೋ.

ಪಿಯು ಮೇಡಂ (ಹಾಸನ):

ಬಹಳಷ್ಟು ಇರುವೆಗಳಿಗೆ ಇದೆ ಸರ್. ಆದರೂ ಜೀವಿಗಳನ್ನ ಇಂದ್ರಿಯ ಹಿಡಿದು ಸಾಲಾಗಿ ನಿಲ್ಲಿಸಬೇಕು ಅನ್ನಿಸಿದ್ದೇ ದೊಡ್ಡದು.

ಪಠ್ಯದ ಮಾತು ಒಂದು ಸೇರಿಸ್ತೀನಿ, ಹತ್ತನೇ ಕ್ಲಾಸಿನ ಮಗು ಕೇಳಿದ್ದರಿಂದ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿ ವಿಜ್ಞಾನದ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆಯಿತು, ಅನುವಂಶೀಯತೆ ಮಾತ್ರ ಉಳಿಸಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದರು. 12ರಲ್ಲಿ ಇದೆಯಲ್ಲ ಅಂತಾರೆ. ಪಿಯುಗೆ ಬಂದು ಕಾಮರ್ಸ್ ತಗೊಂಡವರಿಗೆ? ಅವರಿಗೆ ಸಿಗೋದು ಈ ವಿಡಿಯೊನೇ.

ಬೇಲೂರಿನವ:

ಪಾಠ ತೆಗೆದದ್ದು ನನಗೂ ಸರಿ ಕಾಣಲಿಲ್ಲ. ಓದದೆ ವಿರೋಧಿಸೋದು ಹೇಗೆ? ನನ್ನ ನಿಲುವು ಇಷ್ಟು: ಮೆಟ್ಟಿಲುಗಳಿವೆ, ಒಪ್ಪಿದೆ. ಹತ್ತುವ ನಿಯಮ ಯಾರದ್ದು ಅನ್ನೋದು ನನ್ನ ಪ್ರಶ್ನೆಯಾಗೇ ಉಳಿಯುತ್ತೆ.

ಪಿಯು ಮೇಡಂ (ಹಾಸನ):

ಆ ಪ್ರಶ್ನೆ ನನ್ನ ಪ್ರಯೋಗಾಲಯಕ್ಕೆ ಬರಲ್ಲ ಸರ್, ನೀವೇ ಇಟ್ಕೊಳ್ಳಿ.

ರೈಟರ್ (ಆಲ್ದೂರು ಕಡೆ ಎಸ್ಟೇಟು):

ಮೇಡಂ, ಕಣ್ಣಿನ ವಿಷಯ ಬಂದಿದೆ ಅಂತ ಕೇಳ್ತಿದ್ದೀನಿ. ನಮ್ಮಲ್ಲಿ ಅರೇಬಿಕಾ ಫ್ಲೈ ಪಿಕಿಂಗ್ ಮಾಡುವಾಗ ಒಬ್ಬ ಹುಡುಗ ದಿನಾ ಕಾಯಿ ಸೇರಿಸಿ ತರ್ತಾನೆ. ಹಣ್ಣು ಮಾತ್ರ ಕೊಯ್ಯೋ ಅಂದ್ರೆ "ಹಣ್ಣೇ ಅಣ್ಣಾ" ಅಂತಾನೆ. ಸೋಮಾರಿ ಅಂತ ಮೇಸ್ತ್ರಿ ಬೈತಿದ್ದ. ನನಗೆ ಅನುಮಾನ. ಗಿಡದಲ್ಲಿರೋ ಕೆಂಪು ಹಣ್ಣು ಅವನಿಗೆ ಎಲೆಯಿಂದ ಬೇರೆಯಾಗಿ ಕಾಣೋದೇ ಇಲ್ಲ ಅನ್ಸುತ್ತೆ. ಮುಟ್ಟಿ ಮೆತ್ತಗಿದ್ರೆ ಕೊಯ್ತಾನೆ.

ಪಿಯು ಮೇಡಂ (ಹಾಸನ):

ಬೈಯೋದು ನಿಲ್ಲಿಸಕ್ಕೆ ಹೇಳಿ ಮೊದಲು. ಕೆಂಪು-ಹಸಿರು ಬಣ್ಣಗುರುಡು ಇರಬಹುದು, ಗಂಡಸರಲ್ಲಿ ಅಪರೂಪ ಅಲ್ಲ. ಕೆಂಪಿಗೆ ಒಂದು ಆಪ್ಸಿನ್, ಹಸಿರಿಗೆ ಒಂದು, ಇವೆರಡರ ಜೀನುಗಳು ಎಕ್ಸ್ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ಎರಡೂ ಬಹುತೇಕ ಒಂದೇ, ಯಾಕಂದ್ರೆ ಒಂದು ಕಾಲದಲ್ಲಿ ಇದ್ದದ್ದು ಒಂದೇ ಜೀನು. ಅದು ನಕಲಾಗಿ ಎರಡಾಯಿತು, ಒಂದು ಪ್ರತಿ ಸ್ವಲ್ಪ ಬದಲಾಯಿತು. ನಾಯಿ, ದನಕ್ಕೆ ಈ ಎರಡನೇ ಪ್ರತಿ ಇಲ್ಲ. ನಮಗಿದೆ, ನಮ್ಮ ತೋಟ ಹಾಳು ಮಾಡೋ ಮಂಗಗಳಿಗೂ ಇದೆ. ಹಸಿರೆಲೆ ನಡುವೆ ಮಾಗಿದ ಹಣ್ಣು, ಎಳೆ ಚಿಗುರು ಗುರುತಿಸೋಕೆ ಇದು ನೆರವಾಯಿತು ಅಂತ ಹಲವು ವಿಜ್ಞಾನಿಗಳ ಅಭಿಪ್ರಾಯ. ಅಕ್ಕಪಕ್ಕ ಒಂದೇ ತರ ಇರೋದರಿಂದ ತಲೆಮಾರು ದಾಟುವಾಗ ಅವೆರಡು ಕಲಸಿಹೋಗೋದು ಸುಲಭ, ಆಗ ಒಂದು ಕೆಟ್ಟುಹೋಗುತ್ತೆ. ಹೆಣ್ಣಿಗೆ ಇನ್ನೊಂದು ಎಕ್ಸ್ ಇರುತ್ತೆ, ಕಾಪಾಡುತ್ತೆ. ಗಂಡಿಗೆ ಇರೋದೇ ಒಂದು.

ರೈಟರ್ (ಆಲ್ದೂರು ಕಡೆ ಎಸ್ಟೇಟು):

ಹಂಗಾದ್ರೆ ಅವನಿಗೆ ಬಂದಿರೋದು ತಾಯಿ ಕಡೆಯಿಂದಲಾ? ಅವನ ಸೋದರಮಾವನೂ ನಮ್ಮಲ್ಲೇ ಇದ್ದಾನೆ, ಅವನೂ ಕಾಯಿ ಕೊಯ್ಯೋದರಲ್ಲಿ ಹೆಸರುವಾಸಿ.

ಪೊರೆ ಕನ್ನಡಕ (ಚಿಕ್ಕಮಗಳೂರು):

ತಾಯಿಯಿಂದಲೇ. ಮಾವನಿಗೂ ಇದ್ರೆ ಅನುಮಾನ ಗಟ್ಟಿ ಆಯ್ತು. ಇಬ್ಬರನ್ನೂ ಕಣ್ಣಿನ ವಿಭಾಗಕ್ಕೆ ಕರ್ಕೊಂಡು ಬನ್ನಿ, ಚುಕ್ಕೆ ಚುಕ್ಕೆಯ ಇಷಿಹಾರ ಪುಸ್ತಕದಲ್ಲಿ ಅಂಕಿ ಓದಿಸ್ತಾರೆ, ಐದು ನಿಮಿಷದ ಕೆಲಸ. ವಾಸಿ ಮಾಡೋ ಔಷಧಿ ಇಲ್ಲ. ಸದ್ಯಕ್ಕೆ ಫ್ಲೈ ಪಿಕಿಂಗಿಂದ ತೆಗೆದು, ಕಣದಲ್ಲಿ ಕಾಫಿ ಹರಡೋಕೋ ಕೊನೆಯ ಸ್ಟ್ರಿಪ್ಪಿಂಗಿಗೋ ಹಾಕಿ. ಅಲ್ಲಿ ಹಣ್ಣು ಕಾಯಿ ಎಲ್ಲ ಒಟ್ಟಿಗೇ ಎಳೆಯೋದಲ್ವಾ.